ಹಾಸ್ಟೆಲ್ ಕುಡಿತ: ರೇಡ್ ಬಿಗಿಯಾದಷ್ಟೂ ಒಳಗೊಳಗೇ ಸರಿಯುತ್ತಿದೆ, ನಕ್ಷೆ ಬಿಡಿಸುವುದು ಹೇಗೆ?

ವಾರ್ಡನ್_ಧಾರವಾಡ
ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಹಾಸ್ಟೆಲ್. ರೇಡ್, ದಂಡ, ಪೋಷಕರಿಗೆ ಫೋನ್, ವರ್ಷಕ್ಕೊಂದು ಜಾಗೃತಿ ಭಾಷಣ, ಎಲ್ಲವೂ ಇವೆ. ರೇಡ್ ಜೋರಾದರೆ ಇಲ್ಲಿ ಬಾಟಲಿ ಸಿಗುವುದಿಲ್ಲ, ಪಕ್ಕದ ಪಿಜಿಗಳಿಂದ ದೂರು ಬರುತ್ತದೆ. ಇದನ್ನು ಸಂಕೀರ್ಣ ವ್ಯವಸ್ಥೆಯಾಗಿ, ಅಂದರೆ ಒಂದು ಇನ್ನೊಂದನ್ನು ತಳ್ಳುವ ಸುತ್ತುಗಳಾಗಿ ನೋಡಿ ಅನ್ನುತ್ತಾರೆ. ಕಾಗದದ ಮೇಲೆ ಅದು ಹೇಗಿರುತ್ತದೆ?

ಸಮುದಾಯ_ಆರೋಗ್ಯ
ಒಂದು ಮಧ್ಯಾಹ್ನ, ಎಂಟು-ಹತ್ತು ಜನ ಸಾಕು. ವಾರ್ಡನ್, ಸೆಕ್ಯುರಿಟಿ, ಆಪ್ತಸಮಾಲೋಚಕರು, ಒಬ್ಬ ಪಿಜಿ ಮಾಲೀಕ, ಉಳಿದವರು ವಿದ್ಯಾರ್ಥಿಗಳು, ಕುಡಿಯುವವರೂ ಕುಡಿಯದವರೂ. ಶಿಸ್ತು ಸಮಿತಿಯವರು ಬೇಡ, ಅವರೆದುರು ಯಾರೂ ಬಾಯಿ ಬಿಡುವುದಿಲ್ಲ.

ಏರಿಳಿಯುವ ಸಂಗತಿಗಳನ್ನಷ್ಟೇ ಚೀಟಿಯಲ್ಲಿ ಬರೆಸಿ: 'ಶಿಕ್ಷೆಯ ಭಯ', 'ಎಲ್ಲರೂ ಕುಡೀತಾರೆ ಅನ್ನೋ ಅನಿಸಿಕೆ'. ಒಂದು ಇನ್ನೊಂದನ್ನು ಬದಲಿಸುವ ಕಡೆ ಬಾಣ ಎಳೆಯಿರಿ. ಎರಡೂ ಒಟ್ಟಿಗೆ ಏರಿದರೆ ಅಥವಾ ಒಟ್ಟಿಗೆ ಇಳಿದರೆ ಬಾಣಕ್ಕೆ ಪ್ಲಸ್, ಒಂದು ಏರಿ ಇನ್ನೊಂದು ಇಳಿದರೆ ಮೈನಸ್. ಬಾಣಗಳು ಹೊರಟ ಚೀಟಿಗೇ ಮರಳಿ ಸುತ್ತು ಪೂರ್ತಿಯಾದಾಗ ಮೈನಸ್ ಎಣಿಸಿ. ಬೆಸವಾದರೆ ಆ ಸುತ್ತು ತನ್ನನ್ನು ತಾನೇ ತಡೆದುಕೊಳ್ಳುತ್ತದೆ, ಸಮವಾದರೆ ಬೆಳೆಯುತ್ತಲೇ ಹೋಗುತ್ತದೆ.

ನಿಮ್ಮದನ್ನೇ ನೋಡಿ. ರೇಡ್ ಹೆಚ್ಚಿದರೆ ಭಯ ಹೆಚ್ಚು (+), ಗೆಳೆಯ ಪ್ರಜ್ಞೆ ತಪ್ಪಿದರೂ ತಿಳಿಸುವುದು ಕಡಿಮೆ (−), ದಾಖಲಾದ ಪ್ರಕರಣವೂ ಕಡಿಮೆ (+), 'ರೇಡ್ ಫಲಿಸಿತು' ಎಂಬ ನಂಬಿಕೆ ಹೆಚ್ಚು (−), ಮತ್ತೆ ರೇಡ್ (+). ಮೈನಸ್ ಎರಡು, ಅಂದರೆ ಸಮ. ಯಾರೂ ಕಡಿಮೆ ಕುಡಿಯದಿದ್ದರೂ ಇದು ನಡೆಯುತ್ತಲೇ ಇರುತ್ತದೆ.

ಅಂಕಿ_ಅಂಶ
ಬಾಟಲಿ ಲೆಕ್ಕದಿಂದ ತಿಳಿಯುವುದು ನಿಮ್ಮ ರೇಡ್ ಎಷ್ಟು ಅಂತ, ಕುಡಿತ ಎಷ್ಟು ಅಂತಲ್ಲ. ಕುಡಿತದ ಅಪಾಯ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿ ಬಳಸಿ: 10 ಪ್ರಶ್ನೆ, 0ರಿಂದ 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ. ಹೆಸರು, ರೂಮ್ ನಂಬರ್ ಕೇಳಬೇಡಿ. ಜೊತೆಗೆ 'ನಿಮ್ಮ ಫ್ಲೋರಲ್ಲಿ ನೂರಕ್ಕೆ ಎಷ್ಟು ಜನ ತಿಂಗಳಿಗೊಮ್ಮೆಯಾದರೂ ಕುಡಿಯುತ್ತಾರೆ?' ಎಂದೂ ಕೇಳಿ. ಕುಡಿದವರ ಗಲಾಟೆ ಕೇಳಿಸುತ್ತದೆ, ಮಲಗಿದವರ ಲೆಕ್ಕ ಯಾರಿಗೂ ಸಿಗದು. ಹಾಗಾಗಿ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಮೇಲಿರುತ್ತದೆ. ಅಂತರ ದೊಡ್ಡದಿದ್ದರೆ ನಿಜವಾದ ಅಂಕಿಯನ್ನು ಪೋಸ್ಟರ್ ಮಾಡಿ. ನಿಜವೇ ದೊಡ್ಡದಿದ್ದರೆ ದಯವಿಟ್ಟು ಬೇಡ, ಕಡಿಮೆ ಕುಡಿಯುವವರೂ ಅತ್ತ ವಾಲುತ್ತಾರೆ.

ಅಳತೆ ಚಿತ್ರದಲ್ಲಿ ತೋರಿಸಿ. ಒಂದು ಯೂನಿಟ್ ಅಂದರೆ 10 ಗ್ರಾಂ ಆಲ್ಕೋಹಾಲ್, ಸುಮಾರು 30 ಮಿ.ಲೀ. ವಿಸ್ಕಿ. 90ರ ಟೆಟ್ರಾ ಪ್ಯಾಕ್ ಮೂರು ಯೂನಿಟ್, 180ರ ಕ್ವಾರ್ಟರ್ ಆರು. 'ಬರೀ ಬಿಯರ್' ಅನ್ನುವವರಿಗೆ: ಶೇ. 8ರ 650 ಮಿ.ಲೀ. ಸ್ಟ್ರಾಂಗ್ ಬಾಟಲಿ ನಾಲ್ಕು.

ಅಬಕಾರಿ_ಗಮನ
ಪೂರೈಕೆಯನ್ನೂ ನಕ್ಷೆಗೆ ಸೇರಿಸಿ. ಮದ್ಯ ಮಾರಲು ಕೊಳ್ಳುವವನಿಗಿರಬೇಕಾದ ಕನಿಷ್ಠ ವಯಸ್ಸು ಕರ್ನಾಟಕ ಅಬಕಾರಿ ಕಾಯ್ದೆ 1965ರಲ್ಲಿ 18, 1967ರ ಲೈಸೆನ್ಸ್ ನಿಯಮಗಳಲ್ಲಿ 21. 18ಕ್ಕೆ ಇಳಿಸುವ ಕರಡನ್ನು 2023ರಲ್ಲಿ ವಿರೋಧ ಬಂದಮೇಲೆ ಕೈಬಿಟ್ಟರು. ಗುರುತಿನ ಚೀಟಿ ನೋಡದೆ ಮಾರುವ ಅಂಗಡಿ ಬಗ್ಗೆ ಅಬಕಾರಿ ಇನ್‌ಸ್ಪೆಕ್ಟರ್‌ಗೆ ಲಿಖಿತ ದೂರು ಕೊಡಿ. ಆದರೆ ಹತ್ತಿರದ್ದು ಮುಚ್ಚಿದರೆ ಹುಡುಗರು ದೂರದ ಬಾರಿಗೆ ಬೈಕಲ್ಲಿ ಹೋಗುತ್ತಾರೆ, ರಾತ್ರಿ ಅದೇ ಬೈಕಲ್ಲಿ ಬರುತ್ತಾರೆ. ಆ ಬಾಣ ಮರೆಯಬೇಡಿ.

ವಾರ್ಡನ್_ಧಾರವಾಡ
ಒಂದನ್ನೇ ಮೊದಲು ಬದಲಿಸುವುದಾದರೆ?

ಸಮುದಾಯ_ಆರೋಗ್ಯ
ಭಯದ ಬಾಣ. '108ಕ್ಕೋ ವಾರ್ಡನ್‌ಗೋ ಕರೆ ಮಾಡಿದವನಿಗೂ ಬಿದ್ದವನಿಗೂ ಶಿಕ್ಷೆಯಿಲ್ಲ' ಎಂದು ನಿಯಮ ಬರೆದು ಪ್ರತಿ ಫ್ಲೋರಲ್ಲೂ ಅಂಟಿಸಿ. ಕೆಳಗೇ ಬರೆಯಿರಿ: ಮಗ್ಗುಲಾಗಿ ಮಲಗಿಸಿ, ಒಬ್ಬನನ್ನೇ ಬಿಡಬೇಡಿ, ನಿಂಬೆರಸ, ಕಾಫಿ ಬೇಡ, ಬಲವಂತವಾಗಿ ವಾಂತಿ ಮಾಡಿಸಬೇಡಿ, ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆಯಿದ್ದರೆ ತಕ್ಷಣ 108. ಚೇತರಿಸಿಕೊಂಡವನಿಗೆ ದಂಡದ ಬದಲು ಆಪ್ತಸಮಾಲೋಚನೆ. ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ.

ಮೊದಲ ಸೆಮಿಸ್ಟರಲ್ಲಿ ದಾಖಲಾಗುವ ಪ್ರಕರಣ ಏರಬಹುದು. ಮುಚ್ಚಿಟ್ಟದ್ದು ಹೊರಬರುತ್ತಿದೆ ಅಷ್ಟೆ. ಆಡಳಿತ ಮಂಡಳಿಗೆ ಇದನ್ನು ಮೊದಲೇ ಲಿಖಿತವಾಗಿ ತಿಳಿಸಿಡಿ, ಇಲ್ಲವಾದರೆ ಆ ಅಂಕಿ ನೋಡಿ ಮತ್ತೆ ರೇಡ್‌ಗೇ ಆದೇಶ ಬರುತ್ತದೆ.