ಸಹಾಯ ಬೇಕು: ಪಾಲಿಮರ್ ದ್ರಾವಣದ ವಾಹಕತೆ ನೇರ ಗೆರೆಗೆ ಬರುತ್ತಿಲ್ಲ

ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಸೋಡಿಯಂ ಪಾಲಿಸ್ಟೈರೀನ್ ಸಲ್ಫೋನೇಟನ್ನು (ಉದ್ದಕ್ಕೂ ಋಣ ಚಾರ್ಜುಗಳಿರುವ ಪಾಲಿಮರ್ ಸರಪಳಿ, ಜೊತೆಗೆ ಬಿಡಿ ಸೋಡಿಯಂ ಅಯಾನುಗಳು) ನೀರಿನಲ್ಲಿ ಕರಗಿಸಿ 25 ಡಿಗ್ರಿಯಲ್ಲಿ ವಾಹಕತೆ ಅಳೆಯುತ್ತಿದ್ದೇನೆ. ಬೇರೆ ಉಪ್ಪು ಹಾಕಿಲ್ಲ. ಪಾಲಿಮರಿಗೆ ಡಯಾಲಿಸಿಸ್ (ಪೊರೆಯ ಮೂಲಕ ಸಣ್ಣ ಉಪ್ಪುಗಳನ್ನು ತೆಗೆಯುವುದು) ಮಾಡಿದ್ದಾಯಿತು. ಅದೇ ಸೆಲ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಳೆದರೆ ಪುಸ್ತಕದಲ್ಲಿರುವ ಸಂಖ್ಯೆಯೇ ಬರುತ್ತದೆ. ಹಾಗಾಗಿ ಮೀಟರ್ ಮೇಲೆ ಅನುಮಾನವಿಲ್ಲ.

ಮಾಮೂಲಿ ಉಪ್ಪಾದರೆ ಮೋಲಾರ್ ವಾಹಕತೆಯನ್ನು (ವಾಹಕತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು) ಸಾಂದ್ರತೆಯ ವರ್ಗಮೂಲದ ಎದುರು ಹಾಕಿದಾಗ ನೇರ ಗೆರೆ ಬರುತ್ತದೆ, ಕೋಲ್‌ರಾಶ್ ನಿಯಮ ಹೇಳುವ ಹಾಗೆ. ಇಲ್ಲಿ ತೆಳು ಮಾಡಿದಷ್ಟೂ ಗೆರೆ ಮೇಲಕ್ಕೆ ಬಾಗುತ್ತಲೇ ಇದೆ. ಸೊನ್ನೆವರೆಗೆ ಎಳೆಯೋಕೆ ಆಗುತ್ತಿಲ್ಲ.

ಚಾರ್ಜಿರುವ ಸರಪಳಿಗೆ ಅಯಾನುಗಳು ಅಂಟಿಕೊಳ್ಳುವ ಬಗ್ಗೆ ಮ್ಯಾನಿಂಗ್ 1969ರಲ್ಲಿ ಕೊಟ್ಟ ಸಿದ್ಧಾಂತ ಓದಿದೆ. ಸರಪಳಿಯ ಮೇಲೆ ಚಾರ್ಜುಗಳ ಅಂತರ ಸುಮಾರು 0.25 ನ್ಯಾನೋಮೀಟರ್, ನೀರಿನ ಬ್ಯೆರುಮ್ ಉದ್ದ (ಎರಡು ಚಾರ್ಜುಗಳ ನಡುವಿನ ವಿದ್ಯುತ್ ಶಕ್ತಿ ಉಷ್ಣ ಶಕ್ತಿಗೆ ಸಮವಾಗುವ ದೂರ) ಸುಮಾರು 0.71. ಭಾಗಿಸಿದರೆ 2.8. ಅಂದರೆ ಸೋಡಿಯಂ ಅಯಾನುಗಳಲ್ಲಿ 2.8ರಲ್ಲಿ ಒಂದು ಪಾಲು, ಸುಮಾರು ಶೇ 35 ಮಾತ್ರ ಬಿಡಿಯಾಗಿರುತ್ತವೆ, ಉಳಿದವು ಸರಪಳಿಗೇ ಅಂಟಿಕೊಂಡಿರುತ್ತವೆ. ತೆಳು ಮಾಡಿದರೂ ಈ ಪಾಲು ಬದಲಾಗಲ್ಲ ಅನ್ನುತ್ತದೆ ಸಿದ್ಧಾಂತ. (ಗೈಡ್ ಅವರನ್ನು ಕೇಳಿದರೆ "ಇನ್ನೊಂದ್ಸಲ ಓದಪ್ಪ" ಅಷ್ಟೇ.) ಹಾಗಾದರೆ ಏರಿಕೆ ಎಲ್ಲಿಂದ? ಡಿಬೈ ಉದ್ದ (ದ್ರಾವಣದಲ್ಲಿ ಒಂದು ಚಾರ್ಜಿನ ಪ್ರಭಾವ ತಲುಪುವ ದೂರ) ಹೆಚ್ಚಾಗಿ ಸರಪಳಿಯೇ ಜೋರಾಗಿ ಚಲಿಸುತ್ತದೆಯೇ? ಅಥವಾ ನೀರಿನದೇ ಕಾಟವೇ? ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿದ ಶುದ್ಧ ನೀರಿಗೇ ಸೆಂಟಿಮೀಟರಿಗೆ 1 ಮೈಕ್ರೋಸೀಮೆನ್ಸ್ ಆಸುಪಾಸು ವಾಹಕತೆ ಇರುತ್ತದೆ. 0.0001 ಮೋಲಾರ್‌ನಲ್ಲಿ ನನ್ನ ದ್ರಾವಣದ್ದೇ ಕೆಲವು ಮೈಕ್ರೋಸೀಮೆನ್ಸ್, ಅಲ್ವಾ?

ನನ್ನ ಪ್ರಶ್ನೆ: ಇಷ್ಟು ತೆಳು ದ್ರಾವಣದಲ್ಲಿ ನೀರಿನ ವಾಹಕತೆಯನ್ನು ಸುಮ್ನೆ ಕಳೆದರೆ ಸಾಕೇ, ಇಲ್ಲ ನೈಟ್ರೋಜನ್ ಹಾಯಿಸಿ ಕಾರ್ಬನ್ ಡೈಆಕ್ಸೈಡ್ ಓಡಿಸಿಯೇ ಅಳೆಯಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.