ಮನೆ ಹಿಂದಿನ ಕನ್ಸರ್ವೆನ್ಸಿ ಸಂದಿಯನ್ನು ಏನು ಮಾಡೋಣ? (ಮೈಸೂರಿನವರು ದಯವಿಟ್ಟು ಹೇಳಿ)

ಹಿತ್ತಲಬಾಗಿಲು (ಲಕ್ಷ್ಮೀಪುರಂ)

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ನಮ್ಮ ಬಡಾವಣೆಯವರ ಸಭೆ ಇದೆ. ಊರಲ್ಲಿ ಬದುಕು ಇನ್ನಷ್ಟು ಚೆನ್ನಾಗಿರಬೇಕಾದರೆ ಏನಾಗಬೇಕು, ಒಬ್ಬೊಬ್ಬರೂ ಒಂದೇ ಒಂದು ಸಲಹೆ ಬರೆದುಕೊಂಡು ಬನ್ನಿ ಅಂದಿದ್ದಾರೆ. ಕಳೆದ ಸಲ ಇಂಥದೇ ಸಭೆಯಲ್ಲಿ ಮೆಟ್ರೋ ಬೇಕು, ಫ್ಲೈಓವರ್ ಬೇಡ, ಪಾರಿವಾಳಕ್ಕೆ ಕಾಳು ಹಾಕಬಾರದು ಅಂತ ಮೂರು ಗಂಟೆ ಮಾತಾಡಿ, ಉಪ್ಪಿಟ್ಟು ತಿಂದು ಎದ್ದು ಬಂದೆವು. ಅದಕ್ಕೇ ಈ ಸಲ ಚಿಕ್ಕದೊಂದನ್ನು ಹಿಡಿದುಕೊಂಡು ಹೋಗೋಣ ಅಂತಿದ್ದೇನೆ. ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ.

ಗೊತ್ತಿಲ್ಲದವರಿಗೆ: ಮೈಸೂರಿನ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಸಂದಿ ಇರುತ್ತದೆ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅಂತ ಮಾಡಿದರಲ್ಲ, ಆ ಕಾಲದ ಅಗಲ ರಸ್ತೆ, ಗಾಳಿ ಬೆಳಕಿನ ಯೋಚನೆಯ ಜೊತೆಗೇ ಬಂದದ್ದು ಇದು. ಈಗ ಅದರೊಳಗೆ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪು ಇದೆ. ಮೇಲೆ ಏನಿದೆ ಕೇಳಬೇಡಿ. ಒಡೆದ ಕಮೋಡು, ಯಾರದೋ ಮನೆ ರಿಪೇರಿಯ ಇಟ್ಟಿಗೆ ಚೂರು, ಗೋಡೆ ಬಿರುಕಲ್ಲಿ ಅರಳಿ ಗಿಡ, ಹೆಗ್ಗಣ. ನಮ್ಮ ಹಿಂದಿನ ಬಾಗಿಲಿಗೆ ಅಪ್ಪ ಬೀಗ ಹಾಕಿ ಇಪ್ಪತ್ತು ವರ್ಷದ ಮೇಲಾಯಿತು.

ನನ್ನ ಆಸೆ ಇಷ್ಟೇ. ಮಗಳ ಶಾಲೆ ಸಂದಿಯ ಆ ತುದಿಯಲ್ಲಿದೆ. ಒಳಗಿಂದ ನಡೆದರೆ ನಾಲ್ಕು ನಿಮಿಷ. ಈಗ ಮೇನ್ ರೋಡ್ ಸುತ್ತಿಕೊಂಡು, ಫುಟ್‌ಪಾತ್ ಮೇಲೆ ನಿಂತ ಕಾರುಗಳಿಗೆ ದಾರಿ ಬಿಟ್ಟು ನಾವೇ ರಸ್ತೆಗಿಳಿದು ಹೋಗಬೇಕು. ಆ ಸಂದಿಯನ್ನು ನಡೆಯೋ ದಾರಿ ಮಾಡೋದಕ್ಕೆ ಆಗುತ್ತಾ? ನಿಮ್ಮ ಕಡೆ ಯಾರಾದರೂ ಮಾಡಿದ್ದೀರಾ? ಸಭೆಯಲ್ಲಿ ಏನಂತ ಕೇಳಲಿ?

---

ಅವರೆಕಾಳು ಸೊಸೆ

ನಾವು ಮಾಡಿದ್ದೇವೆ, ಕೃಷ್ಣಮೂರ್ತಿಪುರಂನಲ್ಲಿ. ಮೊದಲ ಸಲ ಸೋತೆವು, ಅದನ್ನೇ ಮೊದಲು ಹೇಳುತ್ತೇನೆ.

ಎಲ್ಲರೂ ದುಡ್ಡು ಹಾಕಿ ಎರಡು ಟ್ರ್ಯಾಕ್ಟರ್ ಕಸ ತೆಗೆಸಿದೆವು. ಕಾಲೇಜು ಹುಡುಗರು ಬಂದು ಗೋಡೆಗೆ ನವಿಲು, ಅಂಬಾರಿ ಎಲ್ಲ ಬರೆದುಕೊಟ್ಟರು. ಫೋಟೋ ತುಂಬಾ ಚೆನ್ನಾಗಿ ಬಂತು. ಹದಿನೈದು ದಿನಕ್ಕೆ ನವಿಲಿನ ಕಾಲ ಬುಡದಲ್ಲಿ ಕವರುಗಳು ಬಿದ್ದಿದ್ದವು! ಯಾರೋ ಹೊರಗಿನವರು ಬಂದು ಹಾಕಿ ಹೋಗುತ್ತಾರೆ ಅಂತ ನಾವು ಬೈದುಕೊಂಡಿದ್ದೇ ಬಂತು. ಆಮೇಲೆ ಒಂದು ರಾತ್ರಿ ಕಾದು ನೋಡಿದರೆ ಅದು ನಮ್ಮ ಸಾಲಿನದೇ ಒಂದು ಪಿಜಿಯ ಕಸ. ಕಸದ ಗಾಡಿ ಬರೋದು ಬೆಳಿಗ್ಗೆ ಏಳಕ್ಕೆ, ಆ ಹುಡುಗರು ಏಳೋದು ಒಂಬತ್ತಕ್ಕೆ. ಜಗಳ ಆಡಲಿಲ್ಲ. ಪಿಜಿ ನೋಡಿಕೊಳ್ಳುವವರ ಹತ್ತಿರ ಮಾತಾಡಿ ಹಸಿ, ಒಣ ಅಂತ ಎರಡು ಡ್ರಮ್ ಗೇಟಿನ ಒಳಗೇ ಇಡಿಸಿದೆವು. ಅಡುಗೆಯವರು ಬೇಗ ಬರುತ್ತಾರಲ್ಲ, ಅವರೇ ಗಾಡಿಗೆ ಕೊಡುತ್ತಾರೆ. ಅಷ್ಟಕ್ಕೇ ಮುಕ್ಕಾಲು ಪಾಲು ನಿಂತು ಹೋಯಿತು.

ಉಳಿದ ಕಾಲು ಪಾಲು ನಿಲ್ಲಿಸಿದ್ದು ನಮ್ಮ ಅತ್ತೆ. ಹಿಂದಿನ ಬಾಗಿಲು ತೆಗೆಸಿ, ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಅವರೆಕಾಯಿ ಮೊರ ಇಟ್ಟುಕೊಂಡು ಕೂರೋದಕ್ಕೆ ಶುರು ಮಾಡಿದರು. ಎದುರು ಮನೆಯವರೂ ಬಂದು ಕೂತರು. ಇಬ್ಬರು ಅಜ್ಜಿಯರು ಕಾಳು ಸುಲಿಯುತ್ತಾ ಕೂತಿರುವಾಗ ಯಾರಿಗೆ ರೀ ಕಸ ಎಸೆಯುವ ಧೈರ್ಯ ಬರುತ್ತೆ? ಒಂದೇ ಒಂದು ದೀಪ ಹಾಕಿಸಿಕೊಂಡೆವು, ಅದಕ್ಕೆ ಅರ್ಜಿ ಮೇಲೆ ಅರ್ಜಿ ಕೊಟ್ಟು ಎಂಟು ತಿಂಗಳು ಅಲೆದೆವು, ಅದು ಬೇರೆ ಕಥೆ. ಪೇಂಟಿಗೆ ಹಾಕಿದ ದುಡ್ಡು ದಂಡ. ಬಾಗಿಲು ತೆಗೆಸಿ ಮೊದಲು.

---

ರಿಟೈರ್ಡ್ ಮ್ಯಾನ್‌ಹೋಲ್

ಬೇರೆ ಊರಲ್ಲಿ ಮೂವತ್ತು ವರ್ಷ ನೀರು, ಒಳಚರಂಡಿ ಕೆಲಸ ಮಾಡಿ ಈಗ ಸರಸ್ವತಿಪುರಂನಲ್ಲಿ ಸುಮ್ನೆ ಕೂತಿರುವವನು ನಾನು. ನಿಮ್ಮ ಯೋಚನೆ ಒಳ್ಳೆಯದು, ಆದರೆ ಟೈಲ್ಸ್ ಹಾಕುವ ಕಂಟ್ರಾಕ್ಟರ್ ಬರುವ ಮುಂಚೆ ಒಳಚರಂಡಿಯ ಮುಚ್ಚಳದ ಗುಂಡಿಗಳನ್ನು, ಅಂದರೆ ಚೇಂಬರ್‌ಗಳನ್ನು ಎಣಿಸಿಕೊಳ್ಳಿ. ಯಾವ ಮನೆ ಹಿಂದೆ ಎಷ್ಟು ಅಡಿಗೆ ಒಂದು ಇದೆ ಅಂತ ಒಂದು ಹಾಳೆಯಲ್ಲಿ ಗೀಚಿ ಇಟ್ಟುಕೊಳ್ಳಿ. ನೆಲ ಎತ್ತರಿಸಿ ಮುಚ್ಚಳದ ಮೇಲೇ ಕಾಂಕ್ರೀಟ್ ಸುರಿದು ಹೋಗುವುದನ್ನು ಎಷ್ಟು ಕಡೆ ನೋಡಿಲ್ಲ ನಾನು. ಎರಡು ವರ್ಷಕ್ಕೆ ಎಲ್ಲೋ ಕಟ್ಟಿಕೊಳ್ಳುತ್ತದೆ. ಮುಚ್ಚಳ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಹೊಸ ದಾರಿಯನ್ನು ಉದ್ದಕ್ಕೂ ಅಗೆಯುತ್ತಾರೆ.

ಇನ್ನೊಂದು, ಇದನ್ನು ಯಾರೂ ಒಪ್ಪಲ್ಲ. ಸಂದಿ ನಾರುವುದಕ್ಕೆ ಅರ್ಧ ಕಾರಣ ಮಳೆ ನೀರು. ತಾರಸಿ ಪೈಪನ್ನು ಹಿಂದಕ್ಕೆ ಎಳೆದು ಚೇಂಬರಿಗೇ ಬಿಟ್ಟಿರುತ್ತಾರೆ. ಮೂವತ್ತು ನಲವತ್ತರ ಸೈಟು ಪೂರ್ತಿ ತಾರಸಿ ಅಂತ ಇಟ್ಟುಕೊಳ್ಳಿ, ಒಂದು ಸೆಂಟಿಮೀಟರ್ ಮಳೆ ಬಂದರೆ ಸಾವಿರದ ನೂರು ಲೀಟರ್ ಚಿಲ್ಲರೆ. ನಲವತ್ತು ಮನೆಗೆ ಲೆಕ್ಕ ಹಾಕಿ. ಯುಜಿಡಿ ಪೈಪಿನ ಅಳತೆ ಕಕ್ಕಸು, ಬಚ್ಚಲು, ಪಾತ್ರೆ ನೀರಿಗೆ ಮಾತ್ರ. ಮಳೆ ಜೋರಾದ ಕೂಡಲೇ ತಗ್ಗಿನಲ್ಲಿರುವ ಮನೆ ಹಿಂದೆ ಮುಚ್ಚಳ ಎದ್ದು ಎಲ್ಲಾ ಹೊರಗೆ ಬರುತ್ತದೆ, ಆ ಮನೆಯವರು ಇಡೀ ಬೀದಿಯವರ ಪಾಪ ತೊಳೆಯುತ್ತಾರೆ. ಮಳೆ ನೀರಿನ ಪೈಪನ್ನು ಮುಂದಿನ ಮೋರಿಗೋ ನಿಮ್ಮದೇ ಸಂಪಿಗೋ ತಿರುಗಿಸಿ. ನಮ್ಮ ಮನೆಯದು ತಿರುಗಿಸಿದ್ದೇನೆ, ಬೇಕಾದರೆ ಬಂದು ನೋಡಿ.

ಗಿಡ ನೆಡುವುದಾದರೆ ಕುಂಡದಲ್ಲಿ ಇಡಿ. ಅತ್ತಿ, ಅರಳಿ ಜಾತಿಯವನ್ನು ಕಿತ್ತು ಹಾಕಿ, ಬೇರು ಹೋಗಿ ಪೈಪಿನ ಜಾಯಿಂಟಲ್ಲಿ ಕೂರುತ್ತದೆ. ಎರಡೂ ಬಾಯಿಗೆ ಕಲ್ಲು ನೆಟ್ಟು ಕಾರು ಬಾರದ ಹಾಗೆ ಮಾಡಿ. ಒಂದು ಕಲ್ಲು ಕೀಳುವ ಹಾಗಿರಲಿ, ಇಲ್ಲದಿದ್ದರೆ ಜೋರಾಗಿ ನೀರು ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಮೆಷಿನ್ ಗಾಡಿ ಹತ್ತಿರ ಬರೋದಕ್ಕೆ ಆಗಲ್ಲ. ಮೆಷಿನ್ ಬಾರದಿದ್ದರೆ ಮನುಷ್ಯನನ್ನು ಇಳಿಸುತ್ತಾರೆ. ರಕ್ಷಣಾ ಸಾಮಗ್ರಿ ಇಲ್ಲದೆ ಹಾಗೆ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯಿದೆ ಪ್ರಕಾರ ಅಪರಾಧ. ಒಳಗಿನ ಗ್ಯಾಸಿಗೆ ಎರಡು ಉಸಿರು ಸಾಕು, ಸಾಯೋದಕ್ಕೆ.

---

ರಿಂಗ್‌ರೋಡ್ ಆಚೆ

ಕೋಪ ಮಾಡಿಕೊಳ್ಳಬೇಡಿ ಗುರುಗಳೇ, ಇದು ದೊಡ್ಡ ಮನೆಯವರ ಚಿಂತೆ. ನಿಮಗೆ ಮುಂದೆ ರಸ್ತೆ, ಹಿಂದೆ ಸಂದಿ. ನಮ್ಮ ಖಾಸಗಿ ಲೇಔಟಿನಲ್ಲಿ ಮುಂದೆನೇ ರಸ್ತೆ ಇಲ್ಲ. ಟ್ಯಾಂಕರ್ ನೀರು. ಕಸದ ಗಾಡಿಯವರು ಲೇಔಟ್ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ, ಲೇಔಟ್ ಮಾಡಿದವರು ಫೋನೇ ಎತ್ತಲ್ಲ. 2015ರಲ್ಲೂ 2016ರಲ್ಲೂ ದೇಶಕ್ಕೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಬಂತಲ್ಲ, ಆ ಬೋರ್ಡಿನ ಕೆಳಗೇ ನಾವು ಕಸ ಸುಡುತ್ತೇವೆ. ಸಲಹೆ ಕೊಡೋದಾದರೆ ರಾತ್ರಿ ಒಂಬತ್ತರ ಮೇಲೂ ಬಸ್ ಬಿಡಿ ಅಂತ ಕೊಡಿ. ನನ್ನ ಹೆಂಡತಿ ಕೆಲಸ ಮುಗಿಸಿ ಬರುವಾಗ ಆಟೋದವರು ರಿಂಗ್ ರೋಡ್ ದಾಟಬೇಕು ಅಂದ ಕೂಡಲೇ ಡಬಲ್ ಕೇಳುತ್ತಾರೆ. ಹೆಂಗಸರಿಗೆ ಬಸ್ ಫ್ರೀ ಮಾಡಿದ್ದಾರೆ, ಬಸ್ಸೇ ಇಲ್ಲದಿದ್ದರೆ ಫ್ರೀ ತಗೊಂಡು ಏನು ಮಾಡೋದು?

---

ಹಿತ್ತಲಬಾಗಿಲು (ಲಕ್ಷ್ಮೀಪುರಂ)

@ರಿಂಗ್‌ರೋಡ್ ಆಚೆ, ಕೋಪ ಇಲ್ಲ, ನೀವು ಹೇಳೋದು ಸರಿ. ಬಸ್ಸಿನ ವಿಷಯ ಇನ್ನೊಬ್ಬರ ಚೀಟಿಯಲ್ಲಿ ಬರೆಸುತ್ತೇನೆ, ನಮ್ಮ ಕೆಳಗಿನ ಮನೆಯವರು ಖಾಲಿ ಚೀಟಿ ಹಿಡಿದುಕೊಂಡು ಕೂತಿದ್ದಾರೆ. ನಾನು ಸಂದಿ ಹಿಡಿದಿದ್ದು ಯಾಕೆಂದರೆ ಜಾಗ ಆಗಲೇ ಇದೆ, ಯಾರದ್ದನ್ನೂ ಕೊಳ್ಳಬೇಕಾಗಿಲ್ಲ. ಹೇಳಬೇಕೆಂದರೆ ಕೇಳುವವರೂ ಇಲ್ಲ. ಪಾಲಿಕೆ ಸದಸ್ಯರ ಅವಧಿ 2023ರಲ್ಲೇ ಮುಗಿಯಿತು.

@ರಿಟೈರ್ಡ್ ಸಾರ್, ನಿಮ್ಮ ಮಾತು ಓದಿ ಮೇಲೆ ಹೋಗಿ ನೋಡಿದೆ. ನಮ್ಮ ತಾರಸಿ ಪೈಪೂ ಚೇಂಬರಿಗೇ ಹೋಗಿದೆ. ನಾಚಿಕೆಯಾಯಿತು.

---

ಗಾಂಧಿನಗರದ ಮೊಮ್ಮಗಳು

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆ ಸಂದಿಗಳು ಯಾಕೆ ಇದ್ದವು ಅಂತ ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಗಾಳಿ ಬೆಳಕು ಅಂದಿರಿ. ನಮ್ಮ ಅಜ್ಜಿ ಆ ಸಂದಿಯಲ್ಲೇ ಓಡಾಡಿದವರು. ನಿಮ್ಮ ಹಿತ್ತಲಿನ ಕಕ್ಕಸಿನ ಕೆಳಗೆ ಒಂದು ಸಣ್ಣ ಬಾಗಿಲು ಇರುತ್ತಿತ್ತು, ಅದನ್ನು ಹೊರಗಿಂದ ತೆಗೆದು ಡಬ್ಬ ಎಳೆದು ಖಾಲಿ ಮಾಡಬೇಕಿತ್ತು. ಮುಂದಿನ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಬಂದು ಹೋಗಲಿ ಅಂತಲೇ ಹಿಂದಿನ ದಾರಿ. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಅಜ್ಜಿ ಕೊನೆವರೆಗೂ ಅವರ ಹೆಸರು ಹೇಳುವಾಗ ಸೆರಗು ಸರಿ ಮಾಡಿಕೊಳ್ಳುತ್ತಿದ್ದರು.

ನೀವು ದಾರಿ ಮಾಡಿ, ಮಕ್ಕಳು ಓಡಾಡಲಿ, ನನಗೂ ಖುಷಿ. ಆದರೆ ಬೆಳಿಗ್ಗೆ ಆರಕ್ಕೆ ನಿಮ್ಮ ಬೀದಿ ಗುಡಿಸುವ ನನ್ನ ಚಿಕ್ಕಮ್ಮನಿಗೆ ಇವತ್ತಿಗೂ ಮಧ್ಯಾಹ್ನದವರೆಗೆ ಕಕ್ಕಸಿಗೆ ಹೋಗೋದಕ್ಕೆ ಜಾಗ ಇಲ್ಲ. ನೀರು ಕುಡಿದರೆ ತೊಂದರೆ ಅಂತ ಕುಡಿಯೋದೇ ಇಲ್ಲ ಅವರು. ಸಂದಿಯ ಬಾಯಲ್ಲಿ ಒಂದು ಶೌಚಾಲಯ, ಕೈ ತೊಳೆಯೋದಕ್ಕೆ ನಲ್ಲಿ, ತಿಂಡಿ ತಿನ್ನೋದಕ್ಕೆ ಒಂದು ಕಟ್ಟೆ ಕೇಳಿ. ಬೆಂಚು, ಕುಂಡ ಎಲ್ಲಾ ಆಮೇಲೆ.

---

ಅವರೆಕಾಳು ಸೊಸೆ

ಓದಿ ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನೇಲೂ ಆ ಸಣ್ಣ ಬಾಗಿಲು ಇತ್ತು, ಬರುತ್ತಿದ್ದವರ ಹೆಸರು ಕೇಳಿದ ನೆನಪೇ ಇಲ್ಲ ಅಂದರು. ನಮ್ಮ ಹಿತ್ತಲಲ್ಲಿ ಹೊರಗಿನ ಕಕ್ಕಸು ಈಗಲೂ ಇದೆ, ಹಳೇ ಪೇಪರ್ ತುಂಬಿಟ್ಟಿದ್ದೇವೆ. ಈ ವಾರ ಖಾಲಿ ಮಾಡಿಸುತ್ತಿದ್ದೇನೆ. ನಮ್ಮ ಬೀದಿಗೆ ಬರುವ ಇಬ್ಬರ ಹತ್ತಿರ ಕೇಳಿದರೆ ಮೊದಲು ನಂಬಲೇ ಇಲ್ಲ.

---

ಹಿತ್ತಲಬಾಗಿಲು (ಲಕ್ಷ್ಮೀಪುರಂ)

ಸಭೆ ಮುಗಿಯಿತು. ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿದ್ದೆ. ಮೊದಲು ಪೌರಕಾರ್ಮಿಕರಿಗೆ ಶೌಚಾಲಯ, ನಲ್ಲಿ. ಆಮೇಲೆ ಚೇಂಬರ್ ಲೆಕ್ಕ, ಮಳೆ ನೀರಿನ ಪೈಪು. ಕೊನೆಗೆ ದೀಪ. ಮೊದಲನೆಯದಕ್ಕೆ ಒಬ್ಬರು "ನಮ್ಮ ಮನೆ ಪಕ್ಕ ಬೇಡ" ಅಂದರು, ನಿರೀಕ್ಷಿಸಿದ್ದೆ. ಇನ್ನೊಬ್ಬರು ತಮ್ಮ ಕಾಂಪೌಂಡ್ ಮೂಲೆ ಕೊಡುತ್ತೇನೆ ಅಂದರು, ಅದನ್ನು ನಿರೀಕ್ಷಿಸಿರಲಿಲ್ಲ. ಎಲ್ಲರ ಸಹಿ ಹಾಕಿಸಿ ಮನವಿ ಕೊಡುವುದು ಅಂತ ಆಗಿದೆ. ಸಂದಿ ಒತ್ತಿ ಜನರೇಟರ್ ಇಟ್ಟವರೂ ಸಹಿ ಹಾಕಿದರು, ನಗು ತಡೆಯೋದಕ್ಕೆ ಕಷ್ಟ ಆಯಿತು.

ಸಂಜೆ ಬಂದು ಹಿಂದಿನ ಬಾಗಿಲ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಗುದ್ದಾಡಿದೆ. ಬೀಗ ಬಿಟ್ಟಿತು, ಬಾಗಿಲು ಬಿಡಲಿಲ್ಲ. ಹೊರಗಡೆ ಮಣ್ಣು, ಕಲ್ಲು ಒಂದೂವರೆ ಅಡಿ ಏರಿ ಕೂತಿದೆ. ಸಲಿಕೆ, ಹಾರೆ ಇರುವವರು ಶನಿವಾರ ಬೆಳಿಗ್ಗೆ ಆರೂವರೆಗೆ ಬರುತ್ತೀರಾ? ಕಾಫಿ ನಮ್ಮದು.