ಸಹಾಯ ಬೇಕು: ಮನ್‌ಹೈಮ್ ವಿಳಾಸಕ್ಕೆ ಬೀದಿ ಹೆಸರು ಏನಂತ ಬರೀಲಿ?

ಜರ್ಮನಿಯಲ್ಲಿರೋರು ಯಾರಾದ್ರೂ ದಯವಿಟ್ಟು ಹೇಳಿ. ತಂಗಿ ಮಾಸ್ಟರ್ಸ್ ಓದೋಕೆ ಮನ್‌ಹೈಮ್‌ಗೆ ಹೋಗಿದಾಳೆ, ರೂಮು ಸಿಕ್ಕಿರೋದು ಊರಿನ ನಡುಮಧ್ಯ. ಅಲ್ಲಿ ಬೀದಿಗಳಿಗೆ ಹೆಸರಿಲ್ಲವಂತೆ, ಬ್ಲಾಕ್‌ಗಳಿಗೆ ಮಾತ್ರ: ಎ1ರಿಂದ ಯು6ರ ತನಕ! ಅರಮನೆ ಕಡೆಯಿಂದ ಅಕ್ಷರ ಶುರು, ನಡುವಿನ ಅಗಲ ರಸ್ತೆಯಿಂದ ದೂರ ಹೋದಷ್ಟೂ ಅಂಕಿ ಏರುತ್ತೆ, ಮನೆ ನಂಬರ್ ಬ್ಲಾಕಿನ ಸುತ್ತ ಪ್ರದಕ್ಷಿಣೆ ಹಾಕುತ್ತೆ. ಅಂಗಡಿ ಬೀದಿಯನ್ನ ಜನ ಪ್ಲಾಂಕೆನ್ ಅಂತಾರೆ, ಆದ್ರೆ ಅಲ್ಲಿನ ಅಂಗಡಿಗಳ ವಿಳಾಸದಲ್ಲೂ ಬ್ಲಾಕೇ ಇರೋದು.

ಅವಳ ವಿಳಾಸ ಇಷ್ಟೇ: ಎಸ್4, ಮನೆ ನಂಬರ್, 68161 ಮನ್‌ಹೈಮ್. ಕೊರಿಯರ್ ಕೌಂಟರ್‌ನಲ್ಲಿ ತೋರಿಸಿದ್ರೆ, "ಮೇಡಂ, ಇದು ಫ್ಲಾಟ್ ನಂಬರ್, ರಸ್ತೆ ಹೆಸರು ಕೊಡಿ" ಅಂತಾರೆ. ಆನ್‌ಲೈನ್ ಫಾರ್ಮ್ ಅಂತೂ ಎರಡಕ್ಷರದ ಬೀದಿಯನ್ನ ಒಪ್ಪೋದೇ ಇಲ್ಲ.

ಕಳಿಸಬೇಕಿರೋದು ಅವಳ ಮೂಲ ಅಂಕಪಟ್ಟಿ, ಜೊತೆಗೆ ಅಮ್ಮನ ಚಟ್ನಿಪುಡಿ. ಚಟ್ನಿಪುಡಿ ಕಳೆದುಹೋದ್ರೆ ಮತ್ತೆ ಕುಟ್ಟಬಹುದು, ಅಂಕಪಟ್ಟಿ ಹಾಗಲ್ಲ.

ಬೀದಿ ಖಾನೆಯಲ್ಲಿ "ಕ್ವಾಡ್ರಾಟ್ ಎಸ್4" (ಅಲ್ಲಿ ಬ್ಲಾಕಿಗೆ ಕ್ವಾಡ್ರಾಟ್ ಅಂತಾರೆ) ಅಂತ ತುಂಬಿದ್ರೆ ನಡೆಯುತ್ತಾ? ಇಲ್ಲಿಂದ ಆ ಬ್ಲಾಕ್‌ಗಳಿಗೆ ಪಾರ್ಸೆಲ್ ಕಳಿಸಿದೋರು ಹೇಗೆ ಬರೆದ್ರಿ? ಈ ವಾರವೇ ಕಳಿಸಬೇಕು.